ಸರ್ಕಾರ ಫೀಸಿಗೆ ವೋಚರ್ ಕೊಟ್ಟರೆ ನಮ್ಮಂಥವರಿಗೆ ಅನುಕೂಲ ಆಗುತ್ತದಾ?

ಮಲ್ಪೆಯ ಅಮ್ಮ:
ಮಗಳನ್ನು ಈ ಸಲ ಒಂದನೇ ಕ್ಲಾಸಿಗೆ ಸೇರಿಸಬೇಕು. ನೋಡಿ ಬಂದ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ವರ್ಷಕ್ಕೆ 42,000 ಹೇಳಿದ್ದಾರೆ, ವ್ಯಾನಿಗೆ ತಿಂಗಳಿಗೆ 1,400 ಬೇರೆ. ನಮ್ಮವರು ಬೋಟಿಗೆ ಹೋಗುವವರು, ಜೂನ್ 1ರಿಂದ ಜುಲೈ 31ರವರೆಗೆ ಬೋಟ್ ಕಡಲಿಗೆ ಇಳಿಯುವುದಿಲ್ಲ, ಫೀಸು ಕಟ್ಟಬೇಕಾದದ್ದು ಸರಿಯಾಗಿ ಆಗಲೇ. ಸರ್ಕಾರಿ ಶಾಲೆ ಮನೆಯಿಂದ ಐದು ನಿಮಿಷ. ಆದರೆ ಐದು ಕ್ಲಾಸಿಗೆ ಇಬ್ಬರೇ ಟೀಚರ್. ಕೆಲವು ದೇಶಗಳಲ್ಲಿ ಸರ್ಕಾರ ಮಗುವಿಗೆ ವೋಚರ್, ಅಂದರೆ ಫೀಸಿನ ಬದಲು ಶಾಲೆಗೆ ಕೊಡುವ ಚೀಟಿ ಕೊಡುತ್ತದಂತೆ, ನಮಗೆ ಬೇಕಾದ ಶಾಲೆಗೆ ಸೇರಿಸಬಹುದಂತೆ. ಇಲ್ಲೂ ಬಂದರೆ ಒಳ್ಳೆಯದಲ್ವಾ?

ಸುರತ್ಕಲ್‌ನಿಂದ:
ಅಕ್ಕ, ಹೆಚ್ಚುಕಮ್ಮಿ ಅಂಥದ್ದೇ ನಮ್ಮಲ್ಲಿ ಇತ್ತು. ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಖಾಸಗಿ ಶಾಲೆಗಳಲ್ಲಿ ಬಡವರ ಮಕ್ಕಳಿಗೆ 25% ಸೀಟು. 2015ರಲ್ಲಿ ನನ್ನ ಮಗನಿಗೆ ಸಿಕ್ಕಿತ್ತು, ಫೀಸನ್ನು ಸರ್ಕಾರವೇ ಶಾಲೆಗೆ ಕೊಡುತ್ತಿತ್ತು. ಆದರೂ ವ್ಯಾನು, ಯೂನಿಫಾರ್ಮು, ಸ್ಕೂಲ್ ಡೇ, ಟೂರು ಅಂತ ವರ್ಷಕ್ಕೆ ಹದಿನೈದು ಸಾವಿರ ಕೈಯಿಂದ ಹೋಗುತ್ತಿತ್ತು. ಎಂಟನೇ ಮುಗಿದ ಮೇಲೆ ಪೂರ್ತಿ ಫೀಸು ನಮ್ಮ ತಲೆ ಮೇಲೆ ಬಂತು, ಕಾನೂನು ಇರುವುದೇ 14 ವರ್ಷದವರೆಗೆ. 2019ರಲ್ಲಿ ನಿಯಮ ಬದಲಾಯಿತು. ಹತ್ತಿರ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿಯಲ್ಲಿ ಆ ಸೀಟಿಲ್ಲ. ನಿಮಗೆ ಐದು ನಿಮಿಷದಲ್ಲೇ ಶಾಲೆ ಉಂಟಲ್ಲ, ಹಾಗಾಗಿ ಕಷ್ಟ.

ಹೆಬ್ರಿ ಕಡೆಯ ಟೀಚರ್:
ನಾನು ಸರ್ಕಾರಿ ಶಾಲೆಯಲ್ಲಿ ಪಾಠ ಮಾಡುವವಳು. ಇಬ್ಬರೇ ಟೀಚರ್ ಯಾಕೆ ಗೊತ್ತುಂಟಾ? ಒಂದರಿಂದ ಐದನೇವರೆಗೆ 60 ಮಕ್ಕಳ ತನಕ ಇಬ್ಬರು ಅಂತ ಆರ್‌ಟಿಇ ಕಾಯ್ದೆಯಲ್ಲೇ ಬರೆದಿದೆ, 61 ಆದರೆ ಮೂರನೆಯವರು. ಮಕ್ಕಳು ಕಡಿಮೆಯಾದ ಹಾಗೆ ಟೀಚರ್ ಕಡಿಮೆ, ಟೀಚರ್ ಇಲ್ಲ ಅಂತ ಇನ್ನಷ್ಟು ಮಕ್ಕಳು ಬಿಡುತ್ತಾರೆ. ವೋಚರ್ ಬಂದರೆ ಇದು ಇನ್ನೂ ಬೇಗ ಆಗುತ್ತದೆ. ಚಿಲಿ ದೇಶದಲ್ಲಿ 1981ರಿಂದ ವೋಚರ್ ಇದೆ. ಆಮೇಲೆ ಅಲ್ಲಿನ ಖಾಸಗಿ ಶಾಲೆಗಳು ವೋಚರ್ ಮೇಲೆ ಹೆಚ್ಚುವರಿ ಫೀಸು ಕೇಳಲು ಶುರು ಮಾಡಿ, ಅದನ್ನು ನಿಲ್ಲಿಸಲಿಕ್ಕೆ 2015ರಲ್ಲಿ ಬೇರೆ ಕಾನೂನೇ ತರಬೇಕಾಯಿತು. ನಮ್ಮ ಹರೇಕಳ ಹಾಜಬ್ಬರು ಮಂಗಳೂರಿನಲ್ಲಿ ಕಿತ್ತಳೆ ಮಾರಿದ ದುಡ್ಡಿನಿಂದ ಊರಿಗೇ ಶಾಲೆ ತಂದರು. ಆ ದುಡ್ಡು ನಾಲ್ಕು ಮಕ್ಕಳ ಫೀಸಿಗೆ ಹೋಗಿದ್ದರೆ ಅವರ ಊರು ನ್ಯೂಪಡ್ಪುವಿನಲ್ಲಿ ಇವತ್ತು ಶಾಲೆ ಇರುತ್ತಿತ್ತಾ?

ಸುರತ್ಕಲ್‌ನಿಂದ:
ಟೀಚರ್, ನೀವು ಹೇಳುವುದು ಸರಿ. ಆದರೆ ಮಗುವಿಗೆ ಒಂದನೇ ಕ್ಲಾಸು ಒಂದೇ ಸಲ. ಶಾಲೆ ಸರಿಯಾಗುವವರೆಗೆ ಕಾಯಿರಿ ಅಂದರೆ ತಾಯಿ ಏನು ಮಾಡಬೇಕು?

ಹೆಬ್ರಿ ಕಡೆಯ ಟೀಚರ್:
ಕಾಯುವುದು ಬೇಡ. ಮಗುವನ್ನು ಸೇರಿಸಿ, ಶಾಲೆಯನ್ನು ನೋಡಿಕೊಳ್ಳುವ ಪೋಷಕರ ಸಮಿತಿ ಎಸ್‌ಡಿಎಂಸಿಗೂ ಸೇರಿ. ಹಳೆ ವಿದ್ಯಾರ್ಥಿಗಳು ಸೇರಿ ಗೌರವ ಶಿಕ್ಷಕಿಗೆ ಸಂಬಳ ಕೊಡುವ ಶಾಲೆಗಳು ನಮ್ಮ ಜಿಲ್ಲೆಯಲ್ಲೇ ಇವೆ. ಪುಸ್ತಕ, ಊಟ, ಹಾಲು ಹೇಗೂ ಸಿಗುತ್ತದೆ.

ಮಲ್ಪೆಯ ಅಮ್ಮ:
ಅಲ್ಲಿ ಈಗ 54 ಮಕ್ಕಳು ಅಂತ ಕೇಳಿದ್ದೇನೆ. ನಮ್ಮ ಓಣಿಯಲ್ಲೇ ಈ ವರ್ಷ ಒಂದನೇಗೆ ಹೋಗುವವರು ಎಂಟು ಜನ ಇದ್ದಾರೆ, ಎಲ್ಲರೂ ವ್ಯಾನ್ ಹತ್ತುವ ಲೆಕ್ಕದಲ್ಲಿದ್ದಾರೆ. ಭಾನುವಾರ ಅವರ ಅಮ್ಮಂದಿರ ಹತ್ತಿರ ಮಾತಾಡಿ ನೋಡುತ್ತೇನೆ.