ಪದಚರ್ಚೆ: ಒಂದರ ಹಾಗೆ ಇನ್ನೊಂದಿಲ್ಲದ ಅಚ್ಚಿಗೆ 'ಪ್ರತಿ' ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಹರ್ಕ್ಯುಲೀಸ್ ಸೇಗರ್ಸ್ ಎಂಬ ಡಚ್ ಕಲಾವಿದನ ಬಗ್ಗೆ ಲೇಖನ ಬರೆಯುತ್ತಿದ್ದೇನೆ. ಎರಡು ಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು.

ಮೊದಲನೆಯದು ಎಚಿಂಗ್. ಇದಕ್ಕೆ 'ಕೆತ್ತನೆ' ಅಂತ ಬರೆದಿರುವುದನ್ನು ನೋಡಿದ್ದೇನೆ. ಆದರೆ ಇಲ್ಲಿ ಲೋಹವನ್ನು ಕೈಯಿಂದ ಕೆತ್ತುವುದಿಲ್ಲ ಅಲ್ವಾ? ತಾಮ್ರದ ತಗಡಿಗೆ ಮೇಣದಂಥ ಲೇಪ ಬಳಿದು, ಅದರ ಮೇಲೆ ಸೂಜಿಯಿಂದ ಗೀರುತ್ತಾರೆ. ತಗಡನ್ನು ಆಸಿಡ್‌ಗೆ ಹಾಕಿದರೆ ಗೀರಿದ ಕಡೆಯಷ್ಟೇ ತಾಮ್ರವನ್ನು ತಿನ್ನುತ್ತದೆ. ಆ ಗೀರುಗಳಿಗೆ ಮಸಿ ತುಂಬಿ, ಒದ್ದೆ ಕಾಗದ ಇಟ್ಟು ಒತ್ತುತ್ತಾರೆ. ಕಲಾಶಾಲೆಗಳಲ್ಲಿ 'ಎಚಿಂಗ್' ಅಂತಲೇ ಹೇಳುತ್ತಾರೆ. ನಾನೂ ಅದನ್ನೇ ಇಟ್ಟುಕೊಳ್ಳೋಣ ಅಂತಿದ್ದೇನೆ.

ನಿಜವಾದ ತೊಡಕು 'ಪ್ರತಿ'ಯದು. ಒಂದೇ ತಗಡಿನಿಂದ ಹತ್ತು ಸಲ ಒತ್ತಿದರೆ ಹತ್ತು ಪ್ರತಿ ಅನ್ನುತ್ತೇವೆ. ಹತ್ತೂ ಒಂದೇ ಥರ ಇರುತ್ತವೆ ಅನ್ನುವುದು ಆ ಮಾತಿನೊಳಗೇ ಇದೆ. ಸೇಗರ್ಸ್ ಮಾಡಿದ್ದು ಅದಕ್ಕೆ ಪೂರಾ ಉಲ್ಟಾ. ಒಂದು ಸಲ ನೀಲಿ ಮಸಿ, ಇನ್ನೊಂದು ಸಲ ಹಸಿರು. ಒಮ್ಮೆ ಕಾಗದಕ್ಕೆ ಮೊದಲೇ ಬಣ್ಣ ಬಳಿದು ಒತ್ತುತ್ತಿದ್ದ, ಒಮ್ಮೆ ಬಟ್ಟೆಯ ಮೇಲೆ ಒತ್ತುತ್ತಿದ್ದ. ಒತ್ತಿದ ಮೇಲೆ ಕುಂಚದಿಂದ ಮತ್ತೆ ಬಣ್ಣ ಹಚ್ಚುತ್ತಿದ್ದ, ಅಂಚು ಕತ್ತರಿಸುತ್ತಿದ್ದ. ಅವನ 54 ತಗಡುಗಳಿಂದ ಬಂದ ಸುಮಾರು 180 ಅಚ್ಚುಗಳು ಉಳಿದಿವೆ. ಒಂದೇ ತಗಡಿನವನ್ನು ಪಕ್ಕಪಕ್ಕ ಇಟ್ಟರೆ, ಒಂದರಲ್ಲಿ ಬೆಳಗು, ಇನ್ನೊಂದರಲ್ಲಿ ಇರುಳು.

ಹಾರ್ಲೆಮ್‌ನಲ್ಲಿ 1590ರ ಆಸುಪಾಸಿನಲ್ಲಿ ಹುಟ್ಟಿದವನು, ಆಮ್‌ಸ್ಟರ್‌ಡಾಮ್‌ನಲ್ಲಿ ಕೆಲಸ ಕಲಿತವನು. 1612ರಲ್ಲಿ ಹಾರ್ಲೆಮ್‌ನ ಕಲಾವಿದರ ಸಂಘ ಸೇರಿದ. 1619ರಲ್ಲಿ ಆಮ್‌ಸ್ಟರ್‌ಡಾಮ್‌ನಲ್ಲಿ ಮನೆ ಕೊಂಡ, ಸಾಲ ತೀರಿಸಲಾಗದೆ 1631ರಲ್ಲಿ ಅದನ್ನು ಮಾರಿದ. ಹಳೆಯ ತಗಡನ್ನೂ ಬಿಸಾಡಿದವನಲ್ಲ. ದೊಡ್ಡ ಹಡಗೊಂದರ ಚಿತ್ರವಿದ್ದ ತಗಡನ್ನು ತುಂಡು ಮಾಡಿ, ಅದರ ಮೇಲೇ ಬೆಟ್ಟಗುಡ್ಡ ಬಿಡಿಸಿದ. ಹಡಗಿನ ಹಗ್ಗಗಳ ಗೆರೆ ಈಗಲೂ ಆ ಭೂದೃಶ್ಯಗಳಲ್ಲಿ ಇಣುಕುತ್ತದೆ. ನನಗಂತೂ ಅವನ ಕೆಲಸದಲ್ಲಿ ತುಂಬಾ ಇಷ್ಟವಾದ ಜಾಗ ಅದು. ಹೆಸರಾಂತ ಡಚ್ ಚಿತ್ರಕಾರ ರೆಂಬ್ರಾಂಟ್ ಸೇಗರ್ಸ್‌ನ 8 ವರ್ಣಚಿತ್ರಗಳನ್ನು ಇಟ್ಟುಕೊಂಡಿದ್ದ. ಸೇಗರ್ಸ್‌ನದೇ ಒಂದು ತಗಡನ್ನು ಪಡೆದು, ಅದರಲ್ಲಿದ್ದ ಮನುಷ್ಯರನ್ನು ಅಳಿಸಿ ಬೇರೆಯವರನ್ನು ಬರೆದ. ಮರಗಿಡಗಳನ್ನು ಬಹುಪಾಲು ಹಾಗೇ ಬಿಟ್ಟ. 1678ರಲ್ಲಿ ರೆಂಬ್ರಾಂಟನ ಶಿಷ್ಯ ಹೋಖ್‌ಸ್ಟ್ರಾಟೆನ್, ಸೇಗರ್ಸ್ ವರ್ಣಚಿತ್ರಗಳನ್ನೇ ಅಚ್ಚು ಹಾಕಿದ ಅನ್ನುವ ಅರ್ಥದಲ್ಲಿ ಬರೆದಿದ್ದಾನೆ. ಆ ಅಚ್ಚುಗಳು ಬೆಣ್ಣೆ, ಸೋಪು ಕಟ್ಟುವ ಕಾಗದವಾದವು ಅಂತಲೂ ಅವನೇ ಹೇಳುತ್ತಾನೆ.

ಇಂಥವಕ್ಕೆ ಏನನ್ನಬೇಕು? 'ಪಡಿಯಚ್ಚು' ಅಂತೂ ಆಗುವುದೇ ಇಲ್ಲ. 'ಅಚ್ಚು' ಅಂದರೆ ಒತ್ತುವ ತಗಡೋ, ಒತ್ತಿ ಬಂದ ಚಿತ್ರವೋ ಗೊತ್ತಾಗುವುದಿಲ್ಲ. ಬೆಲ್ಲ ಹೊಯ್ಯುವ ಮರವೂ ಅಚ್ಚೇ, ಹೊರಗೆ ಬಂದ ಬೆಲ್ಲವೂ ಅಚ್ಚೇ. ಓಲೆಗರಿ ಗ್ರಂಥಗಳಲ್ಲಿ ಪಾಠ ಬೇರೆಬೇರೆ ಇದ್ದರೂ 'ಪ್ರತಿ' ಅನ್ನುತ್ತೇವಲ್ಲ ಅಂತ ನೀವು ಕೇಳಬಹುದು. ಆದರೆ ಅಲ್ಲಿ ನಕಲು ಮಾಡುವವನಿಗೆ ಮೂಲದ ಹಾಗೇ ಬರೆಯಬೇಕು ಅನ್ನುವ ಉದ್ದೇಶ ಇರುತ್ತದೆ. ಇಲ್ಲಿ ಬೇರೆ ಮಾಡಬೇಕು ಅನ್ನುವುದೇ ಉದ್ದೇಶ.

ಸದ್ಯಕ್ಕೆ ತಾಮ್ರದ್ದಕ್ಕೆ 'ತಗಡು', ಒತ್ತಿ ಬಂದದ್ದಕ್ಕೆ 'ಒತ್ತುಚಿತ್ರ' ಅಂತ ಬರೆದುಕೊಂಡಿದ್ದೇನೆ. 'ಒಂದೇ ತಗಡಿನ ನಾಲ್ಕು ಒತ್ತುಚಿತ್ರಗಳು' ಅಂದರೆ ಓದುವವರಿಗೆ ಸಲೀಸಾಗಿ ತಿಳಿಯುತ್ತದೆಯೇ? ಬಟ್ಟೆಗೆ ಮರದ ಅಚ್ಚು ಒತ್ತುವವರು, ಹಳೆಯ ಮುದ್ರಣಾಲಯಗಳಲ್ಲಿ ದುಡಿದವರು ಒಂದೊಂದು ಸಲ ಒತ್ತಿದ್ದಕ್ಕೂ ಬೇರೆ ಹೆಸರು ಹೇಳುತ್ತಿದ್ದರೆ ದಯವಿಟ್ಟು ತಿಳಿಸಿ. ಯಾವ ಊರಿನ ಬಳಕೆ ಅನ್ನುವುದನ್ನೂ ಬರೆದರೆ ಇನ್ನೂ ಒಳ್ಳೆಯದು.