ಸಹಾಯ ಬೇಕು: ಕಿವಿ ಸರಿಯಾಗಿ ಕೇಳಿಸದ ತಂಗಿ ಜಪಾನಿಗೆ ಓದಲು ಹೋಗುತ್ತಿದ್ದಾಳೆ

ಎಲ್ಲರಿಗೂ ನಮಸ್ಕಾರ. ತಂಗಿಗೆ ಟೋಕಿಯೋದ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿದೆ. ಹಿಯರಿಂಗ್ ಏಡ್ ಇದೆ, ಆದರೆ ದೊಡ್ಡ ಕ್ಲಾಸಿನಲ್ಲಿ ಅದೊಂದೇ ಸಾಲದು.

ಅಂಗವಿಕಲ ವಿದ್ಯಾರ್ಥಿಗಳಿಗೆ ಬೇಕಾದ ಅನುಕೂಲ ಮಾಡಿಕೊಡುವುದು ಅಲ್ಲಿನ ರಾಷ್ಟ್ರೀಯ ವಿಶ್ವವಿದ್ಯಾಲಯಗಳಿಗೆ 2016ರಿಂದಲೇ ಕಡ್ಡಾಯ. ಖಾಸಗಿಯವರಿಗೆ 2024ರ ಏಪ್ರಿಲ್‌ನಿಂದ. ಹೊರೆ ತೀರಾ ಜಾಸ್ತಿಯಾಗದಿದ್ದರೆ ಇಲ್ಲ ಎನ್ನುವಂತಿಲ್ಲ. ಆದರೆ ವಿದ್ಯಾರ್ಥಿಯೇ ಬಾಯಿಬಿಟ್ಟು ಕೇಳಬೇಕು. ಪಕ್ಕದಲ್ಲಿ ಕೂತು ಪಾಠವನ್ನು ಟೈಪ್ ಮಾಡಿ ತೋರಿಸುವ ವ್ಯವಸ್ಥೆ ಹಲವು ಕಡೆ ಇದೆ, ಹೆಚ್ಚಾಗಿ ಜಪಾನಿ ಭಾಷೆಯಲ್ಲಿ. ಇವಳ ಪಾಠ ಇಂಗ್ಲಿಷಿನಲ್ಲಿ. ನನ್ನ ಚಿಂತೆ ಅದೇ.

ಅಲ್ಲಿ ಓದಿದವರು, ಕಲಿಸುವವರು ಯಾರಾದರೂ ಇದ್ದೀರಾ? ಇಂಗ್ಲಿಷ್ ಕ್ಯಾಪ್ಷನ್ ಕೇಳಿ ಪಡೆದವರು? ನಮ್ಮ ಯುಡಿಐಡಿ ಕಾರ್ಡ್ (ಭಾರತ ಸರ್ಕಾರ ಅಂಗವಿಕಲರಿಗೆ ಕೊಡುವ ಗುರುತಿನ ಚೀಟಿ) ಒಪ್ಪುತ್ತಾರಾ, ಅಲ್ಲಿನ ಡಾಕ್ಟರ್ ಸರ್ಟಿಫಿಕೇಟೇ ಬೇಕಾ? ಕೇಳಿದರೆ ಸೀಟಿಗೆ ತೊಂದರೆಯಾದೀತೆಂದು ಅವಳು ಸುಮ್ನೆ ಇದ್ದಾಳೆ. ಅದು ಅವಳ ಹಕ್ಕು ಅಲ್ವಾ? ಸೆಪ್ಟೆಂಬರ್‌ನಲ್ಲಿ ಹೊರಡಬೇಕು, ದಯವಿಟ್ಟು ತಿಳಿಸಿ.