ಗಂಟಿಲ್ಲ ಅಂದ್ರೂ ಕುತಗಿ ಆಪರೇಶನ್ ಯಾಕ್ರಿ?

ಪ್ರಶ್ನೆ (ರೋಣ): ನಮಸ್ಕಾರ ಡಾಕ್ಟ್ರ. ನಮ್ಮ ಕಾಕಾಗ 54 ವರ್ಷ, ಗುಟಕಾ ಚಟ ಭಾಳ ವರ್ಷದ್ದು. ನಾಲಗಿ ಬಲಗಡೆ ಅಂಚಿಗೆ ಹುಣ್ಣಾಗಿತ್ತು, ಹಲ್ಲು ತಾಗಿ ಆಗೇತಿ ಅಂತ ಮುಲಾಮು ಹಚ್ಕೋತ ಕುಂತ್ರು, ಈಗ ಬಯಾಪ್ಸಿ ಮಾಡಿಸಿದ್ರ ಕ್ಯಾನ್ಸರ್ ಅಂತ ಬಂತು. ಹುಬ್ಬಳ್ಳ್ಯಾಗ ತೋರಿಸೇವಿ. ಸ್ಕ್ಯಾನಿನ್ಯಾಗ ಕುತಗಿ ಕ್ಲಿಯರ್ ಐತಿ ಅಂತ ಬರದಾರ, ಆದ್ರೂ ನಾಲಗಿ ಜೋಡಿ ಕುತಗೀನೂ ಕೊಯ್ದು ಗಂಟು ತಗೀಬೇಕು ಅಂತಾರ. ಇಲ್ಲದ ಗಂಟು ಏನ್ ತಗೀತಾರ್ರಿ? ಮನ್ಯಾಗ ಎಲ್ಲಾರೂ ಇದು ಬಿಲ್ ಹೆಚ್ಚು ಮಾಡೋ ದಂಧೆ ಅನ್ನಾಕತ್ತಾರ.

ಉತ್ತರ (ಬಾಯಿ-ಗಂಟಲು ಕ್ಯಾನ್ಸರ್ ಸರ್ಜನ್, ಹುಬ್ಬಳ್ಳಿ): ದಂಧೆ ಅಲ್ರಿ. ನಮ್ಮೆಲ್ಲಾರ ಕುತಗ್ಯಾಗೂ ಸುಮಾರು 300 ಲಿಂಫ್ ನೋಡ್ (ಸೋಸೂ ಸಣ್ಣ ಗಂಟು) ಇರ್ತಾವ, ಆರಾಮ ಇದ್ದಾಗ ಕೈಗೆ ಸಿಗೂದಿಲ್ಲ ಅಷ್ಟ. ಬಾಯಿ, ನಾಲಗಿ, ಗಂಟಲಿನ ಲಿಂಫ್ ನೀರು ಕೂದಲಿನಂಥಾ ನಾಳದಾಗ ಹರಿದು ಇವುಕ್ಕ ಬಂದು ಸೋಸಿ ಮುಂದ ಹೋಗ್ತೈತಿ. ಕ್ಯಾನ್ಸರ್ ಆಳಕ್ಕ ಇಳಿದು ಆ ನಾಳ ಒಡಕೊಂಡು ಒಳಗ ಹೊಕ್ತು ಅಂದ್ರ ಬಿಡಿ ಕಣಗಳು ಅದ ನೀರಿನ ಜೋಡಿ ಹೋಗಿ ನೋಡಿನ್ಯಾಗ ಸಿಕ್ಕಿ ಅಲ್ಲೇ ಬೆಳೀತಾವ. ನಾಲಗಿ ಅಂದ್ರ ಬರೇ ಸ್ನಾಯು, ನಾಳ ದಟ್ಟ ಅದಾವ, ಉಣ್ಣಾಕ, ಮಾತಾಡಾಕ ದಿನಾ ಅಲುಗಾಡೂದು, ಹಿಂಗಾಗಿ ನಾಲಗಿ ಕ್ಯಾನ್ಸರ್ ಲಗೂನ ಕುತಗಿಗೆ ಇಳೀತೈತಿ. ಅದ ನೋಡ್ರಿ, ಧ್ವನಿ ತಂತೀಗೆ ಈ ನಾಳ ಭಾಳ ಕಡಿಮಿ, ಅಲ್ಲಿ ಸಣ್ಣ ಕ್ಯಾನ್ಸರ್ ಇದ್ರ ಕುತಗಿಗೆ ಹೋಗೂದು ಅಪರೂಪ, ಅವರಿಗೆ ನಾವು ಕುತಗಿ ಮುಟ್ಟೂದಿಲ್ಲ.

ಇನ್ನ ಸ್ಕ್ಯಾನ್ ಮಾತು. ಸ್ಕ್ಯಾನಿಗೆ ಕಾಣೂದು ನೋಡಿನ ಗಾತ್ರ, ಆಕಾರ. ಒಳಗ ಒಂದೆರಡು ಮಿಲಿಮೀಟರ್ ಕ್ಯಾನ್ಸರ್ ಕುಂತಿದ್ರ ನೋಡ್ ನಾರ್ಮಲ್ ಕಂಡಂಗ ಕಾಣ್ತೈತಿ. ಕುತಗಿ ಕ್ಲಿಯರ್ ಅಂತ ಬರದು ಕೊಟ್ಟ ಬಾಯಿ ಕ್ಯಾನ್ಸರಿನ್ಯಾಗೂ ನೋಡ್ ತಗದು ಮೈಕ್ರೋಸ್ಕೋಪಿನ್ಯಾಗ ನೋಡಿದ್ರ 100ಕ್ಕ 20-30 ಮಂದೀಗೆ ಒಳಗ ಕ್ಯಾನ್ಸರ್ ಸಿಗ್ತೈತಿ. ಮೊದಲ ತಗೀಬೇಕೋ, ಗಂಟು ಬಂದಮ್ಯಾಲೆ ತಗೀಬೇಕೋ ಅಂತ ಡಾಕ್ಟರ್‌ಗಳೊಳಗೂ ಭಾಳ ವರ್ಷ ಜಗಳ ಇತ್ತು, ಮುಂಬೈ ಟಾಟಾ ಮೆಮೋರಿಯಲ್‌ನವರು ಎರಡೂ ಮಾಡಿ ಹೋಲಿಸಿ 2015ರಾಗ ಹೊರಗ ತಂದ್ರು: ಮೊದಲ ತಗದವ್ರೊಳಗ 3 ವರ್ಷಕ್ಕ 80 ಪರ್ಸೆಂಟ್ ಜೀವಂತ, ಕಾದವ್ರೊಳಗ 67.5. ಹೆಚ್ಚಿನವು ನಾಲಗಿ ಕ್ಯಾನ್ಸರ್ ಕೇಸ. ಇನ್ನೊಂದು, ಹುಣ್ಣಿನ ಅಗಲಕ್ಕಿಂತ ಆಳ ಮುಖ್ಯ. ಎಂಆರ್‌ಐ ರಿಪೋರ್ಟಿನ್ಯಾಗ ಎಷ್ಟು ಮಿಲಿಮೀಟರ್ ಆಳ ಅಂತ ಬರದಾರೇನ ನೋಡ್ರಿ, 3-4 ದಾಟಿದ್ರ ಬಿಡೂ ಹಂಗಿಲ್ಲ.

ರೋಣ: ಕುತಗಿ ಕೊಯ್ದ್ರ ಹೆಗಲು ಎತ್ತಾಕ ಬರೂದಿಲ್ಲಂತ ಹೌದೇನ್ರಿ? ಹೊಲಾ ಮಾಡಾವ್ರು ಅವ್ರು.

ಉತ್ತರ: ಹಿಂದಕ ಪೂರಾ ತಗೀತಿದ್ರು, ನರಾ ಸೈತ. ಈಗ ಹೆಗಲಿನ ನರಾ, ದೊಡ್ಡ ರಕ್ತನಾಳ ಆದಷ್ಟು ಉಳಿಸಿ ಗದ್ದದ ಕೆಳಗಿಂದ ಹಿಡಿದು ಕುತಗಿ ಬಾಜೂಕಿನ ನೋಡ್ ಅಷ್ಟ ತಗೀತಾರ. ನಾಲಗಿ ಕ್ಯಾನ್ಸರ್ ಒಮ್ಮೊಮ್ಮೆ ಮ್ಯಾಲಿನ ನೋಡ್ ಬಿಟ್ಟು ಸೀದಾ ಕೆಳಗ ಜಿಗೀತೈತಿ, ಅದಕ್ಕ ಸ್ವಲ್ಪ ಕೆಳಗಿನ ತನಾನೂ ಹೋಗ್ತಾರ. ನರಾ ಉಳಿದ್ರೂ ಕೆಲವರಿಗೆ ಹೆಗಲು ಬಿಗೀತೈತಿ, ಫಿಸಿಯೋಥೆರಪಿ ಬಿಡಬಾರದು.

ಪ್ರಶ್ನೆ (ರಾಣೇಬೆನ್ನೂರು): ಸರ್ರ, ಗಂಟಿಗೆ ಸೂಜಿ ಚುಚ್ಚಿದ್ರ ಕ್ಯಾನ್ಸರ್ ಹರಡ್ತೈತಿ ಅಂತಾರಲ್ರಿ, ನಮ್ಮ ಮಾಮಾ ಅದಕ್ಕ ಒಲ್ಲೆ ಅಂತಾನ.

ಉತ್ತರ: ಆ ಮಾತು ಹೇಳಿದವ್ರನ್ನ ಒಮ್ಮೆ ನಮ್ಮ ಕಡೆ ಕಳಸ್ರಿ. ಸಣ್ಣ ಸೂಜಿ ಪರೀಕ್ಷಾದಿಂದ ಹರಡೂದಿಲ್ಲ. ನಮ್ಮ ಕಡೆ ಕುತಗಿ ಗಂಟಿಗೆ ಟಿಬಿನೂ ಕಾರಣ ಇರ್ತೈತಿ, ಸೂಜಿ ಹಾಕದ ಯಾವುದು ಅಂತ ಹೆಂಗ ಹೇಳೂದು? ತೊಂದ್ರಿ ಬ್ಯಾರೆ ಕಡೆ ಐತಿ: ಬಾಯಿ, ಗಂಟಲು ಪೂರಾ ನೋಡದ ಬರೇ ಗಂಟು ಕೊಯ್ದು ತಗೀತಾರಲ್ಲ, ಅದು ಮುಂದಿನ ಟ್ರೀಟ್‌ಮೆಂಟ್ ಕೆಡಸ್ತೈತಿ.

ಪ್ರಶ್ನೆ (ಧಾರವಾಡ): ನನ್ನ ಮಗಳಿಗೆ 7 ವರ್ಷ, ನೆಗಡಿ ಆದಾಗ ಕುತಗ್ಯಾಗ ಬಟಾಣಿಯಷ್ಟು ಗಂಟು, ಒತ್ತಿದ್ರ ನೋವು. ಅಂಜಿಕಿ ಆಗೇತ್ರಿ.

ಉತ್ತರ: ನೋವು ಐತಿ, ಅಲುಗಾಡ್ತೈತಿ, ಹುಡುಗಿ ಆಟಾ ಆಡ್ತಾಳ ಅಂದ್ರ ಅಂಜಬ್ಯಾಡ್ರಿ ಅಕ್ಕಾರ. ಮೂರು ವಾರದಾಗ ಸಣ್ಣ ಆಗ್ಲಿಲ್ಲ ಅಂದ್ರ ಮಕ್ಕಳ ಡಾಕ್ಟ್ರಿಗೆ ತೋರಸ್ರಿ. ನಾನು ಅಂಜೂದು ಗುಟಕಾ, ಬೀಡಿ ಚಟದವರ ಕುತಗ್ಯಾಗ ಕಲ್ಲಿನಂಗ ಗಟ್ಟಿ, ನೋವಿಲ್ಲದ ಗಂಟಿಗೆ.

ರೋಣ: ಡಾಕ್ಟ್ರ, ಎಂಆರ್‌ಐನ್ಯಾಗ ಆಳ 6 ಮಿಲಿಮೀಟರ್ ಅಂತ ಐತಿ.

ಉತ್ತರ: ಹಂಗಾದ್ರ ಕಾಯೋ ಮಾತ ಇಲ್ಲ, ಡೇಟ್ ತಗೋರಿ. ಬಿಪಿಎಲ್ ಕಾರ್ಡ್ ಇದ್ರ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಾಗ ವರ್ಷಕ್ಕ ಕುಟುಂಬಕ್ಕ 5 ಲಕ್ಷದ ತನಕ ಐತಿ, ಅಡ್ಮಿಟ್ ಆಗೂ ಮೊದಲ ವಿಚಾರಸ್ರಿ. ಆಪರೇಶನ್ ಆದಮ್ಯಾಲಿನ ರಿಪೋರ್ಟಿನ್ಯಾಗ ಎಷ್ಟು ನೋಡಿನ್ಯಾಗ ಸಿಕ್ಕೈತಿ, ನೋಡಿನ ಹೊದಿಕಿ ಒಡದು ಹೊರಗ ಬಂದೈತೇನು, ಇವೆರಡು ಕೇಳ್ರಿ. ಹೊರಗ ಬಂದಿದ್ರ ರೇಡಿಯೇಶನ್ ಜೋಡಿ ಕೀಮೋನೂ ಬೇಕಾಗ್ತೈತಿ, ಅದು ಆಪರೇಶನ್ ಆಗಿ 6 ವಾರದೊಳಗ ಚಾಲೂ ಆಗ್ಬೇಕು.